ತಾಂಬೂಲದ ಜೊತೆ ಕೊಟ್ಟ ಪುಸ್ತಕ

ನಮ್ಮ ಮನೆಯ ನೆನಪುಗಳನ್ನು ಬರೆದು, ಆ ಪುಸ್ತಕವನ್ನು ನಾನೇ ಅಚ್ಚು ಹಾಕಿಸಿದೆ. ಅಚ್ಚು ಹಾಕಿಸುವುದು ಸುಲಭ, ಅಂಥದ್ದೊಂದು ಪುಸ್ತಕ ಇದೆ ಎಂದು ನಾಲ್ಕು ಜನಕ್ಕೆ ತಿಳಿಸುವುದೇ ಕಷ್ಟ ಎಂದು ಆಗ ಗೊತ್ತಿರಲಿಲ್ಲ. ತಿಪಟೂರಿನಲ್ಲಿ ಬಿಡುಗಡೆ ಎಂದರೆ ಸಭಾಂಗಣ, ಬ್ಯಾನರು, ಬೆಂಗಳೂರಿನಿಂದ ಬರುವ ಭಾಷಣಕಾರರಿಗೆ ಕಾರು, ಶಾಲು, ಬಂದವರಿಗೆಲ್ಲ ಊಟ. ಕೈಯಲ್ಲಿದ್ದ ದುಡ್ಡು ಅಚ್ಚಿಗೇ ಮುಗಿದಿತ್ತು. ಅಟ್ಟದ ಮೇಲೆ ಕಾಯಿ ಇತ್ತು.

ಆ ಕಾಯಿ ನನ್ನ ಹೆಂಡತಿಯದು. ಅದು ಒಣಗಿ ಕೊಬ್ಬರಿಯಾದ ಮೇಲೆ ಮಾರಿ, ತಂಗಿಯ ಜೊತೆ ಕಾಶಿಗೆ ಹೋಗಬೇಕೆಂದು ಕಾದಿದ್ದಳು. ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದೆ, ಇನ್ನೂ ನೀರಿನ ಸದ್ದೇ ಬರುತ್ತಿತ್ತು. ಆದರೂ ಇಳಿಸಿ ಹಸಿಕಾಯಿಯ ರೇಟಿಗೆ ಕೊಟ್ಟುಬಿಟ್ಟೆ.

"ಪುಸ್ತಕ ಮಾರಿ ಕಾಶಿಗೆ ಕಳಿಸ್ತೀನಿ ಕಣೇ" ಅಂದೆ.

"ಸರಿ ಬುಡಿ" ಅಂದಳು.

ಬಿಡುಗಡೆಗೆ ಬಂದವರನ್ನು ಬರಿಗೈಲಿ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಚೀಲದಲ್ಲಿ ಎಲೆ ಅಡಿಕೆ, ಒಂದು ತೆಂಗಿನಕಾಯಿ, ಜೊತೆಗೆ ಪುಸ್ತಕ ಹಾಕಿ ಕೊಟ್ಟೆ. ಬಾಗಿಲಲ್ಲಿ ಬೆಲೆ ಬರೆದು ಒಂದು ಡಬ್ಬಿ ಇಟ್ಟಿದ್ದೆ; ಪುಸ್ತಕದ ದುಡ್ಡು ಅದಕ್ಕೆ ಹಾಕಿ ಹೋಗುತ್ತಾರೆ ಎಂದು ನಂಬಿದ್ದೆ. ಎಂಥಾ ದಡ್ಡತನ. ದಂಡಿನಶಿವರದ ನಮ್ಮ ಸೋದರಮಾವ ಡಬ್ಬಿ ನೋಡಿ ನಕ್ಕರು.

"ತಾಂಬೂಲಕ್ಕೆ ದುಡ್ಡು ಇಸ್ಕೊಂಡೋರ್ನ ನಾನು ಕಂಡಿಲ್ಲ ಕಣಪ್ಪ" ಎಂದು ಚೀಲ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದರು. ಉಳಿದವರೂ ಅವರ ಹಿಂದೆಯೇ ನಡೆದರು.

ಆಮೇಲೆ ಈ ಸೀಮೆಯಲ್ಲಿ ಯಾರೂ ಕೊಳ್ಳಲಿಲ್ಲ, ಸಿಕ್ಕವರೆಲ್ಲ ನಮಗೂ ಒಂದು ಕೊಡಿ ಎಂದು ಕೇಳಿದರು. ತುರುವೇಕೆರೆಯ ಪುಸ್ತಕದಂಗಡಿಯವರು, "ಪುಕ್ಕಟೆ ಹಂಚಿದ್ನ ದುಡ್ಡು ಕೊಟ್ಟು ಯಾರ್ರೀ ತಗೋತಾರೆ" ಎಂದು ಕಟ್ಟು ವಾಪಸ್ಸು ಕೊಟ್ಟರು. ಹಟ ಹತ್ತಿ ಉಳಿದದ್ದನ್ನೆಲ್ಲ ಪತ್ರಿಕೆಗಳಿಗೆ, ವಿಮರ್ಶಕರಿಗೆ ಅಂಚೆಗೆ ಹಾಕಿದೆ. ತಲುಪಿತು ಎಂದು ಕೂಡ ಒಬ್ಬರೂ ಹೇಳಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಹೆಂಡತಿಯ ತಂಗಿ ಬೇರೆಯವರ ಜೊತೆ ಕಾಶಿಗೆ ಹೋಗಿ ಬಂದು ನಮಗೊಂದು ಗಂಗಾಜಲದ ಗಿಂಡಿ ಕೊಟ್ಟಳು. ಅದು ದೇವರ ಗೂಡಿನಲ್ಲಿದೆ, ನನಗೆ ಆ ಕಡೆ ನೋಡಲು ಆಗುವುದಿಲ್ಲ.

ಹೋದ ತಿಂಗಳು ನೊಣವಿನಕೆರೆಯಲ್ಲಿರುವ ಚಿಕ್ಕಪ್ಪನ ಮಗನ ಮನೆಗೆ ಹೋಗಿದ್ದೆ. ಗೂಟದಲ್ಲಿ ನಾನು ಕೊಟ್ಟ ತಾಂಬೂಲದ ಚೀಲ ನೇತಾಡುತ್ತಿತ್ತು. ಕಾಯಿ ಎಂದೋ ಚಟ್ನಿಯಾಗಿತ್ತು, ಪುಸ್ತಕ ಮಾತ್ರ ಒಣಗಿದ ಎಲೆ ಅಂಟಿಸಿಕೊಂಡು ಹಾಗೇ ಕೂತಿತ್ತು. ಚೀಲ ಮುಟ್ಟದೆ ಕಾಫಿ ಕುಡಿದು ಬಂದೆ.

ಮನೆಗೆ ಬಂದರೆ ಹೆಂಡತಿ ಜಗಲಿಯ ಮೇಲೆ ನನ್ನ ಪುಸ್ತಕ ಓದುತ್ತಿದ್ದಳು. ಪ್ರೆಸ್ಸಿನವರು ಹೊಲಿಗೆ ತಪ್ಪಿಸಿ ನಡುವಿನ ಪುಟಗಳನ್ನೇ ಬಿಟ್ಟಿದ್ದ ಪ್ರತಿ ಅದು. ರದ್ದಿಗೆ ಹಾಕೆಂದು ಕೊಟ್ಟಿದ್ದೆ.

"ಇದನ್ಯಾಕೆ ಇಟ್ಕೊಂಡೆ?"

"ಒಳ್ಳೇ ಕಾಯಿ ಮಾರೋಕೆ, ಒಡ್ದಿದ್ದು ಮನೆ ಅಡಿಗೆಗೆ. ಇದೂ ಹಂಗೇ ಅಂದ್ಕೊಂಡೆ."

ಊರಿಗೆಲ್ಲ ಕೊಟ್ಟ ಚೀಲಗಳನ್ನು ತುಂಬಿದವಳು ಅವಳೇ. ಅವಳಿಗೂ ಒಂದು ಕೊಡಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಅವಳು ಕೊನೆಯ ಪುಟ ಮುಗಿಸಿ ಕನ್ನಡಕ ತೆಗೆದಳು. "ಚೆನ್ನಾಗೈತೆ. ನಿಮ್ಮಪ್ಪ, ನಿಮ್ಮವ್ವ, ದನ, ನಾಯಿ, ಎಲ್ರೂ ಅವ್ರೆ. ನಾನೊಬ್ಳು ಬರಲಿಲ್ಲ."

ಬಂದಿದ್ದಳು. ಬಿಟ್ಟುಹೋದ ಆ ಪುಟಗಳ ತುಂಬ ಅವಳೇ ಇದ್ದಳು. ಹಾಗೆಂದು ಹೇಳಿದೆ. "ಹೌದಾ" ಅಂದಳು, ನಂಬಲಿಲ್ಲ. ತೋರಿಸೋಣವೆಂದರೆ ನೆಟ್ಟಗಿರುವ ಪ್ರತಿ ಮನೆಯಲ್ಲಿ ಒಂದೂ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಮತ್ತೆ ನೊಣವಿನಕೆರೆ ಬಸ್ಸು ಹತ್ತಿದೆ. ಕೊಟ್ಟ ತಾಂಬೂಲವನ್ನು ವಾಪಸ್ಸು ಕೇಳಲು ಹೊರಟವನು ನಮ್ಮ ವಂಶದಲ್ಲಿ ನಾನೇ ಮೊದಲಿರಬೇಕು.