ಕರೆಯದೆ ಓಗೊಟ್ಟ ಕಿವಿ

ಗಾಜು ತೊಳೆಯುವ ಕೋಣೆಯ ಕಿಟಕಿಗೆ ಅಗಲವಾದ ಕಲ್ಲಿನ ಕಟ್ಟೆ ಇತ್ತು. ಮೇಲಿನ ಪ್ರಯೋಗಾಲಯದವರು ಬಳಸಿದ ಗಾಜಿನ ಕೊಳವೆಗಳ ತಟ್ಟೆಯನ್ನು ಅದರ ಮೇಲೆ ಕುಕ್ಕಿ, ಒಳಗೆ ಇರುವುದು ಮನುಷ್ಯರೋ ಗೋಡೆಯೋ ಎಂದು ಸಹ ನೋಡದೆ ಹೋಗುತ್ತಿದ್ದರು. ಹಾಗೆ ಹೋಗದೆ ನಿಂತವಳು ಸಂಶೋಧನೆಗೆ ಸೇರಿದ್ದ ಒಬ್ಬ ಹುಡುಗಿ ಮಾತ್ರ. ಆಗ ತೊಳೆಯುವಕ್ಕ ಕೆಲಸಕ್ಕೆ ಹೊಸಬಳು, ಕೈಯ ಚರ್ಮ ಇನ್ನೂ ಸೋಪಿಗೆ ಒಗ್ಗಿರಲಿಲ್ಲ. ಅವಳ ಗಂಡ ಅದೇ ಕಟ್ಟಡದ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಅವನು ತೀರಿಕೊಂಡ ಮೇಲೆ, ಮನೆಯ ಒಲೆ ಆರದಿರಲಿ ಎಂದು ಅವಳಿಗೆ ಈ ಕೋಣೆಯ ಕೆಲಸ ಕೊಟ್ಟಿದ್ದರು.

ಹುಡುಗಿ ತೊಳೆದಿಟ್ಟ ಕೊಳವೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದಳು, ತಿರುಗಿಸಿದಳು, ಮೂಸಿದಳು.

“ಇದರಲ್ಲಿ ಸೋಪು ಉಳಿದಿಲ್ಲ ಅಂತ ಹೇಗೆ ಗೊತ್ತಾಗುತ್ತೆ ಅಕ್ಕ?”

“ಅನುಮಾನ ಇದ್ರೆ ನೆಕ್ಕಿ ನೋಡಮ್ಮ,” ಎಂದಳು ತೊಳೆಯುವಕ್ಕ, ತಲೆ ಎತ್ತದೆ.

ಹುಡುಗಿ ನಿಜಕ್ಕೂ ನಾಲಿಗೆಗೆ ತಾಗಿಸಿಯೇ ಬಿಟ್ಟಳು. ತಾಗಿಸಿ, ಬಹಳ ಗಂಭೀರವಾಗಿ, ಉಳಿದಿಲ್ಲ ಎಂದಳು. ತೊಳೆಯುವಕ್ಕನ ಕುಂಚ ನಿಂತುಹೋಯಿತು. ಗಂಡ ಹೋದ ಮೇಲೆ ಬಾರದಿದ್ದ ನಗು ಆ ಕೊಳಚೆ ನೀರಿನ ತೊಟ್ಟಿಯ ಮುಂದೆ ಬಂತು.

ಅಂದಿನಿಂದ ಹುಡುಗಿ ತನ್ನ ತಟ್ಟೆ ತಾನೇ ತರುತ್ತಿದ್ದಳು. ಓದುವುದು ಏನನ್ನು ಎಂದು ತೊಳೆಯುವಕ್ಕ ಕೇಳಿದಾಗ, ಪಕ್ಕದಲ್ಲಿದ್ದ ಬಕೆಟ್ಟನ್ನು ಬೋರಲಿಟ್ಟು, ಅದರ ಮೇಲೆ ಕೂತು ವಿವರಿಸಿದಳು. ಹಾರ್ಮೋನು ಎಂಬುದು ರಕ್ತದಲ್ಲಿ ಸುತ್ತುತ್ತ ಎಲ್ಲರ ಮನೆಯ ಮುಂದೆಯೂ ಕೂಗಿಕೊಂಡು ಹೋಗುತ್ತದೆ. ಆದರೆ ಆ ಕೂಗಿಗೆ ಕಿವಿ ಇರುವ ಜೀವಕೋಶ ಮಾತ್ರ ಎದ್ದು ಕೆಲಸ ಶುರುಮಾಡುತ್ತದೆ. ಆ ಕಿವಿಗೆ ಪುಸ್ತಕದಲ್ಲಿ ರಿಸೆಪ್ಟರ್ ಎನ್ನುತ್ತಾರೆ. ಅವಳ ಓದೆಲ್ಲ ಆ ಕಿವಿಯದೇ.

“ಅಂದ್ರೆ ನನ್ನ ಮಗ ಇದ್ದ ಹಾಗೆ,” ಎಂದಳು ತೊಳೆಯುವಕ್ಕ. “ಗಂಟಲು ಹರಿದುಹೋಗೋ ಹಾಗೆ ಕೂಗಿದ್ರೂ ಏಳಲ್ಲ. ತಟ್ಟೆ ಸದ್ದಾದ್ರೆ ಮಾತ್ರ ಓಡಿ ಬರ್ತಾನೆ.”

“ಅದೇ ಅಕ್ಕ. ಅವನಿಗೆ ತಟ್ಟೆಯ ಕಿವಿ.”

ಕಿವಿ ಮೇಡಂ ಎಂಬ ಹೆಸರು ಹುಟ್ಟಿದ್ದು ಹೀಗೆ. ಆಗ ಅವಳಿನ್ನೂ ಮೇಡಂ ಆಗಿರಲಿಲ್ಲ. ಡಾಕ್ಟರೇಟು ಮುಗಿಸಿ, ಕೆಲವು ವರ್ಷ ದೂರದ ವಿಶ್ವವಿದ್ಯಾಲಯದಲ್ಲಿದ್ದು, ಮತ್ತೆ ಅದೇ ಕಟ್ಟಡಕ್ಕೆ ಪಾಠ ಹೇಳುವವಳಾಗಿ ಬಂದಾಗ ಹೆಸರು ಅವಳಿಗಾಗಿ ಕಾದು ಕೂತಂತೆ ಇತ್ತು. ಮುದ್ರಣಾಲಯದ ಮೇಲಿನ ಎರಡು ಕೋಣೆಗಳಲ್ಲಿ ಅಮ್ಮನ ಜೊತೆ ಇದ್ದಳು. ಅಮ್ಮ ಬಟ್ಟೆ ಹೊಲಿಯುವವಳು, ಬಾಯಿ ಸೂಜಿಗಿಂತ ಚೂಪು. ಮಗಳು ಮದುವೆಯ ಮಾತಿಗೆ ಕಿವಿಗೊಡದಿದ್ದಾಗ, ಲೋಕದ ಕಿವಿಯನ್ನೆಲ್ಲ ಓದಿದವಳಿಗೆ ತನ್ನ ಕಿವಿಯೇ ಇಲ್ಲ ಎಂದು ಗಿರಾಕಿಗಳ ಮುಂದೆ ಆಡಿಕೊಳ್ಳುತ್ತಿದ್ದಳು.

ಆ ಹೊತ್ತಿಗೇ ಪ್ಲಾಸ್ಟಿಕ್ ಕೊಳವೆಗಳು ಬಂದವು. ಒಮ್ಮೆ ಬಳಸಿ ಎಸೆದರಾಯಿತು, ತೊಳೆಯುವ ಗೋಜಿಲ್ಲ. ವಿಭಾಗದ ಮುಖ್ಯಸ್ಥರು ತೊಳೆಯುವ ಕೋಣೆಗೆ ಬೀಗ ಹಾಕಿಸಿದರು. ತೊಳೆಯುವಕ್ಕನಿಗೆ ನೆಲ ಒರೆಸುವ ಕೆಲಸ ಬಂತು. ಕೋಲು ಹಿಡಿದು ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತು, ಆದರೂ ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಕೋಣೆಯ ಬೀಗದ ಕೈ ಮಾತ್ರ ಯಾರೂ ಕೇಳದ್ದರಿಂದ ಅವಳ ಸೆರಗಿನ ಗಂಟಿನಲ್ಲೇ ಉಳಿಯಿತು.

ಮೇಲಿನ ಮಹಡಿಯಲ್ಲಿ ಮಾತ್ರ ಸಡಗರ. ಹಾರ್ಮೋನನ್ನು ಒಂದು ಹನಿಯೂ ಬಿಡದೆ ತೆಗೆದ ಮೇಲೂ ಕಿವಿ ಮೇಡಂ ಸಾಕಿದ ಜೀವಕೋಶಗಳು ಎದ್ದು ಕೆಲಸ ಮಾಡುತ್ತಿದ್ದವು. ಯಾರೂ ಕರೆಯದಿದ್ದರೂ ಓಗೊಡುವ ಕಿವಿಯೂ ಉಂಟು ಎಂದು ಅವಳು ಬರೆದಳು. ಅದು ದೊಡ್ಡ ಪತ್ರಿಕೆಯಲ್ಲಿ ಅಚ್ಚಾಯಿತು. ಪ್ರಾಧ್ಯಾಪಕರ ಹುದ್ದೆಯೊಂದು ಖಾಲಿ ಇತ್ತು, ಅದು ಅವಳದೇ ಎಂದು ಎಲ್ಲರೂ ಮಾತಾಡಿಕೊಂಡರು. ಅಮ್ಮ ಬೀದಿಯ ಒಂದು ಮನೆಯನ್ನೂ ಬಿಡದೆ ಹೇಳಿ ಬಂದಳು. ಮಗಳ ಸಂಶೋಧನೆ ಏನೆಂದು ಕೇಳಿದವರಿಗೆ ಅವಳ ಉತ್ತರ ಒಂದೇ: “ಕರೀದೆ ಓಗೊಡೋಳು ನಮ್ಮನೇಲಿ ನಾನೊಬ್ಬಳೇ ಅಂದ್ಕೊಂಡಿದ್ದೆ. ಇನ್ನೂ ಇದ್ದಾವಂತೆ.”

ಅಷ್ಟರಲ್ಲಿ ಪ್ಲಾಸ್ಟಿಕ್ ಕೊಳವೆ ತರುವ ಲಾರಿ ಬರುವುದು ತಡವಾಯಿತು. ಕಿವಿ ಮೇಡಂ ನೆಲ ಒರೆಸುತ್ತಿದ್ದ ತೊಳೆಯುವಕ್ಕನನ್ನು ಹುಡುಕಿಕೊಂಡು ಬಂದು, ಹಳೆಯ ಗಾಜು ಇನ್ನೂ ಇದೆಯೇ ಎಂದಳು. ಬೀಗ ತೆಗೆದಾಗ ಕಟ್ಟೆಯ ಮೇಲೆ ಬೆರಳಿನಲ್ಲಿ ಬರೆಯುವಷ್ಟು ಧೂಳು. ತೊಳೆಯುವಕ್ಕ ಒಂದೊಂದನ್ನೂ ತೊಳೆದು, ಗಾಜು ಒಣಗಿಸುವ ಒಲೆಪೆಟ್ಟಿಗೆಯಲ್ಲಿ ಕಾಯಿಸಿ ಕೊಟ್ಟಳು.

ಗಾಜಿನಲ್ಲಿ ಕಿವಿಗಳು ಓಗೊಡಲಿಲ್ಲ.

ಕಿವಿ ಮೇಡಂ ಮೊದಲು ಗಾಜನ್ನೇ ಅನುಮಾನಿಸಿದಳು. ಇಬ್ಬರೂ ತೊಟ್ಟಿಯ ಮುಂದೆ ನಿಂತು ಮತ್ತೆ ತೊಳೆದರು. ಆಗಲೂ ಇಲ್ಲ. ಕೊನೆಗೆ ಅವಳು ಜೀವಕೋಶಗಳಿಗೆ ಉಣಿಸುವ ಬರಿಯ ದ್ರವವನ್ನು ಗಾಜಿನಲ್ಲಿ ಅರ್ಧ, ಹೊಸ ಪ್ಲಾಸ್ಟಿಕ್ಕಿನಲ್ಲಿ ಅರ್ಧ ತುಂಬಿಟ್ಟು, ಮಾರನೆಯ ದಿನ ಕೋಶಗಳ ಮೇಲೆ ಹಾಕಿದಳು. ಗಾಜಿನದು ಬಿದ್ದ ಕಡೆ ಎಲ್ಲ ಮಲಗಿದ್ದವು, ಪ್ಲಾಸ್ಟಿಕ್ಕಿನದು ಬಿದ್ದ ಕಡೆ ಎಲ್ಲ ಎದ್ದಿದ್ದವು. ಅವಳು ಕೆಳಗೆ ಬಂದು ಬಕೆಟ್ಟಿನ ಮೇಲೆ ಕೂತಳು.

“ಯಾರೂ ಕರೀದೆ ಕಿವಿ ಓಗೊಡಲ್ಲ ಅಕ್ಕ. ಕರೆದದ್ದು ಪ್ಲಾಸ್ಟಿಕ್ಕು. ಅದರಿಂದ ಏನೋ ಒಸರಿ, ಹಾರ್ಮೋನಿನ ದನೀಲೇ ಕರೀತಿತ್ತು. ನಾನು ಕೊಳವೆ ಖಾಲಿ ಅಂದ್ಕೊಂಡೆ.”

ಇದು ಯಾರಿಗೆ ಗೊತ್ತು ಎಂದು ತೊಳೆಯುವಕ್ಕ ಕೇಳಿದಳು. ಸದ್ಯಕ್ಕೆ ನಮ್ಮಿಬ್ಬರಿಗೆ ಎಂದಳು ಅವಳು. ಹುದ್ದೆಯ ಸಂದರ್ಶನ ಹತ್ತಿರ ಬಂದಿತ್ತು.

ಮುಖ್ಯಸ್ಥರು ಕೆಟ್ಟವರಲ್ಲ. ಅವಳು ಹೋಗಿ ವಿಷಯ ತಿಳಿಸಿದಾಗ ಸುಳ್ಳು ಹೇಳು ಎನ್ನಲಿಲ್ಲ, ಸಂದರ್ಶನ ಕಳೆದ ಮೇಲೆ ನಿಜ ಹೇಳಿದರೂ ಅದು ನಿಜವೇ ಆಗಿರುತ್ತದೆ ಎಂದರಷ್ಟೆ. ಮನೆಯಲ್ಲಿ ಅಮ್ಮ ಹೊಲಿಗೆಯಂತ್ರ ನಿಲ್ಲಿಸಿ, ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೀನಲ್ಲೇ, ಇನ್ನು ಯಾವ ಮುಖ ಹೊತ್ತುಕೊಂಡು ಓಡಾಡಲಿ ಎಂದಳಂತೆ.

“ಬೀದಿಗೆ ನೀನು ಹೇಳು, ಲೋಕಕ್ಕೆ ನಾನು ಹೇಳ್ತೀನಿ. ನಿನ್ನದೇ ಸಲೀಸು,” ಎಂದಿದ್ದಳಂತೆ ಮಗಳು.

ವಾರದ ಸಭೆಯಲ್ಲಿ ಎಲ್ಲರೂ ಕೂತಿದ್ದಾಗ ಕಿವಿ ಮೇಡಂ ಎದ್ದು ನಿಂತಳು. ತೊಳೆಯುವಕ್ಕ ಹಿಂದೆ ಚಹದ ಲೋಟಗಳನ್ನು ಎತ್ತಿಡುತ್ತಿದ್ದಳು. ತಾನು ಕಂಡದ್ದು ತಪ್ಪು, ಹೇಗೆ ತಪ್ಪು, ಯಾವ ಕೊಳವೆಯಿಂದ ತಪ್ಪು ಎಂಬುದನ್ನು ಅವಳು ಬೇರೆ ಯಾರದೋ ಕೆಲಸವನ್ನು ಬಿಡಿಸುವಂತೆ ಬಿಡಿಸಿ ಹೇಳಿದಳು. ಪತ್ರಿಕೆಗೆ ಬರೆದು ಲೇಖನವನ್ನು ತಾನೇ ಹಿಂದಕ್ಕೆ ಪಡೆದಳು. ಹುದ್ದೆ ಬೇರೆಯವರಿಗೆ ಹೋಯಿತು.

ಅವಳ ಪ್ರಯೋಗಾಲಯ ಮತ್ತೆ ಪ್ಲಾಸ್ಟಿಕ್ ಮುಟ್ಟದ್ದರಿಂದ ತೊಳೆಯುವ ಕೋಣೆಯ ಬೀಗ ತೆರೆಯಿತು. ನಿಮ್ಮ ಮನೆಯ ದೀಪ ಆರಿಸಿ ನನ್ನ ಒಲೆ ಹಚ್ಚಿದ ಹಾಗಾಯ್ತಲ್ಲಮ್ಮ ಎಂದು ತೊಳೆಯುವಕ್ಕ ಕಣ್ಣೊರೆಸಿಕೊಂಡರೆ, ಕಿವಿ ಮೇಡಂ ಖಾಲಿ ತಟ್ಟೆ ಮುಂದಿಟ್ಟು, ಅಳುವುದಾದರೆ ಕೊಳವೆಯೊಳಗೆ ಅಳಬೇಡಿ, ಉಪ್ಪಾಗುತ್ತದೆ ಎಂದಳು.

ಆಮೇಲಿನ ವರ್ಷಗಳು ತೊಳೆಯುವಕ್ಕನ ನೆನಪಿನಲ್ಲಿ ಒಂದೇ ಮಧ್ಯಾಹ್ನದಂತೆ ಉಳಿದಿವೆ. ಒಲೆಪೆಟ್ಟಿಗೆಯ ಬಿಸಿ, ಗಾಜಿಗೆ ಗಾಜು ತಾಗುವ ಸಣ್ಣ ಸದ್ದು, ಬೋರಲಿಟ್ಟ ಬಕೆಟ್ಟು. ಕರೆದದ್ದು ಏನು ಎಂದು ಕಿವಿ ಮೇಡಂ ಪ್ಲಾಸ್ಟಿಕ್ಕಿನೊಳಗೆ ಹುಡುಕುತ್ತ ಹೋದಳು. ಹೊಸ ವಿದ್ಯಾರ್ಥಿ ಬಂದರೆ ಮೊದಲು ಕೆಳಗೆ ಕರೆತಂದು ಒಂದು ಕೊಳವೆ ಕೊಟ್ಟು, ಇದರಲ್ಲಿ ಏನಿದೆ ಎನ್ನುತ್ತಿದ್ದಳು. ಏನೂ ಇಲ್ಲ ಎಂದವರಿಗೆ ಒಂದೇ ಮಾತು: “ಸರಿಯಾಗಿ ನೋಡಿದ್ರಾ?” ಮಕ್ಕಳು ಬೆನ್ನ ಹಿಂದೆ ಅವಳಂತೆಯೇ ಕತ್ತು ಓರೆಮಾಡಿ ಅದನ್ನು ಅಣಕಿಸುತ್ತಿದ್ದರು. ತೊಳೆಯುವಕ್ಕನೂ ಮನೆಯಲ್ಲಿ ಸೊಸೆಗೆ ಹಾಗೆ ಕೇಳಿ ಬೈಸಿಕೊಂಡಿದ್ದುಂಟು.

ಕೊನೆಗೂ ಕರೆದ ಆ ವಸ್ತು ಸಿಕ್ಕಿತು. ಬೇರೆಡೆಯವರೂ ತಮ್ಮ ಕೊಳವೆಗಳನ್ನು ಪರೀಕ್ಷಿಸಿ ಹೌದೆಂದರು. ಅವಳು ಪ್ರಾಧ್ಯಾಪಕಿಯಾದಾಗ ತಲೆ ಪೂರ್ತಿ ನೆರೆತಿತ್ತು. ಹೇಳಿಕೊಂಡು ತಿರುಗಲು ಅಮ್ಮ ಉಳಿದಿರಲಿಲ್ಲ. ಅಂದು ಸಂಜೆ ತೊಳೆಯುವಕ್ಕನೇ ಆ ಬೀದಿಗೆ ಹೋಗಿ ಮನೆಮನೆಗೂ ಹೇಳಿ ಬಂದಳು.

ಇಬ್ಬರಿಗೂ ನಿವೃತ್ತಿಯಾಯಿತು. ಕಿವಿ ಮೇಡಂ ಹಾಸಿಗೆ ಹಿಡಿದ ಮೇಲೆ ತೊಳೆಯುವಕ್ಕ ಮಧ್ಯಾಹ್ನಗಳಲ್ಲಿ ಮುದ್ರಣಾಲಯದ ಮೆಟ್ಟಿಲು ಹತ್ತಿ ಹೋಗಿ ಕೂರುತ್ತಿದ್ದಳು. ಕೆಳಗೆ ಅಚ್ಚಿನ ಯಂತ್ರ ಓಡುತ್ತಿದ್ದರೆ ಕಿವಿ ಮೇಡಂಗೆ ಒಳ್ಳೆಯ ನಿದ್ದೆ. ಒಂದು ದಿನ ಯಂತ್ರ ನಿಂತಿತು. ಅವಳು ಕಣ್ಣು ಬಿಟ್ಟು, ಬಾಗಿಲ ಕಡೆ ಕತ್ತು ಓರೆಮಾಡಿದಳು.

“ಅಕ್ಕ, ಯಾರೋ ಕರೆದ ಹಾಗಾಯ್ತಲ್ಲ.”

ತೊಳೆಯುವಕ್ಕ ಎದ್ದು ಹೋಗಿ ಮೆಟ್ಟಿಲು ನೋಡಿದಳು. ಬೀದಿಯನ್ನೂ ನೋಡಿದಳು. ಬಂದು ಹೊದಿಕೆ ಸರಿಮಾಡುತ್ತ, ಯಾರೂ ಇಲ್ಲ, ಮಲಕ್ಕೊಳ್ಳಮ್ಮ ಎಂದಳು.

“ಸರಿಯಾಗಿ ನೋಡಿದ್ರಾ?”