ಪಲ್ಲಾವರಂನ ಜಪಾನ್ ಮೀನು

ಮೀನಿನ ಬಗ್ಗೆ ನಾನು ಹೇಳಿದ್ದು ಸಣ್ಣ ಸುಳ್ಳು. ಅದನ್ನು ಉಳಿಸಿಕೊಳ್ಳಲು, ಅತ್ತಿಗೆಗೆ ಸಲ್ಲಬೇಕಾಗಿದ್ದ ಮಾತೊಂದನ್ನು ಆರು ವರ್ಷ ನುಂಗಿಕೊಂಡು ಕೂತೆನಲ್ಲ — ಅದನ್ನು ಸಣ್ಣದೆನ್ನಲಾರೆ.

ಚೆನ್ನೈನ ಗಿಂಡಿಯಲ್ಲಿ ಅಣ್ಣನದೊಂದು ಸಸ್ಯಾಹಾರಿ ಹೋಟೆಲು. ನಾವು ಉಡುಪಿ ಕಡೆಯವರು. ಬಾಗಿಲ ಪಕ್ಕದ ಸಿಮೆಂಟ್ ತೊಟ್ಟಿಗೆ ಮೀನು ತಾ ಎಂದು ಅಣ್ಣ ಕಳಿಸಿದ. ಪಲ್ಲಾವರಂನ ಶುಕ್ರವಾರದ ಸಂತೆಯಿಂದ ಬೆರಳುದ್ದದ ನಾಲ್ಕು ಮರಿ ತಂದೆ — ಕೊಯ್ ಎಂಬ ಅಲಂಕಾರದ ಮೀನು, ಬಿಳಿ ಮೈ, ಕೆಂಪು ಮಚ್ಚೆ. ಎಲ್ಲಿಯವೆಂದು ಅತ್ತಿಗೆ ಕೇಳಿದಾಗ, ತಮಾಷೆಗೆ, "ಜಪಾನಿಂದ ಬಂದದ್ದು" ಎಂದೆ. ಅವರ ಮುಖ ಎಷ್ಟು ಅರಳಿತೆಂದರೆ — ತಮಾಷೆ ಎನ್ನಲು ಬಾಯಿ ಬರಲಿಲ್ಲ. ವಾರದೊಳಗೆ ನಮ್ಮದು ಊರಿಗೆಲ್ಲ 'ಜಪ್ಪಾನ್ ಮೀನ್ ಹೋಟೆಲ್'. ಮೀನೂಟ ಸಿಗುತ್ತದೆಂದು ಬಂದು ಇಡ್ಲಿ ತಿಂದು ಹೋದವರೂ ಇದ್ದಾರೆ.

ಅತ್ತಿಗೆ ಮಕ್ಕಳಂತೆ ಸಾಕಿದರು. ಬೋರಿನ ನೀರು ಉಪ್ಪೆಂದು ಲಾರಿ ನೀರನ್ನು ಡ್ರಮ್ಮಿಗೆ ತುಂಬಿ, ಕ್ಲೋರಿನ್ ಹೋಗಲೆಂದು ಎರಡು ದಿನ ಬಿಟ್ಟು ಹಾಕುತ್ತಿದ್ದರು. ಬಿಸಿಲಿಗೆ ಹಸಿರು ಬಲೆ ಕಟ್ಟಿದರು. ವಡೆಯ ಚೂರು ಎಸೆದವರನ್ನು ಗದರಿದರು. ಮೀನುಗಳು ಮೊಳದುದ್ದ ಬೆಳೆದವು. ಹೊಗಳಿಕೆಯೆಲ್ಲ ಜಪಾನಿಗೆ ಹೋಯಿತು.

ಒಂದು ಮಧ್ಯಾಹ್ನ, ಹತ್ತಿರದ ಕಂಪನಿಗೆ ಬಂದಿದ್ದ ವಯಸ್ಸಾದ ಜಪಾನಿ ಇಂಜಿನಿಯರೊಬ್ಬರು ದೋಸೆ ತಿಂದು ತೊಟ್ಟಿಯ ಬಳಿ ನಿಂತರು. ಅತ್ತಿಗೆಗೆ ಇಂಗ್ಲಿಷ್ ಬಾರದು. ಇವು ಯಾವ ಊರಿನವು ಕೇಳು ಎಂದು ನನ್ನನ್ನು ಮುಂದೆ ತಳ್ಳಿದರು. ಕೇಳಿದೆ. ಆತ ನಕ್ಕರು. ತಮ್ಮ ಅಜ್ಜನ ಬೆಟ್ಟದೂರಿನಲ್ಲಿ, ಹಿಮ ಬೀಳುವ ತಿಂಗಳುಗಳ ಊಟಕ್ಕೆಂದು ರೈತರು ಗದ್ದೆಯ ಕೆರೆಗಳಲ್ಲಿ ಕಪ್ಪು ಮೀನು ಸಾಕುತ್ತಿದ್ದರಂತೆ; ಅವುಗಳಲ್ಲಿ ಅಪರೂಪಕ್ಕೆ ಬಣ್ಣದ್ದು ಹುಟ್ಟಿದರೆ ತಿನ್ನದೆ ಬೇರೆ ಇಡುತ್ತಿದ್ದರಂತೆ. ಕೊಯ್ ಹುಟ್ಟಿದ್ದು ಹಾಗೆ. "ಇವು ಅಲ್ಲಿಯವಲ್ಲ, ಮೈಕಟ್ಟು ನೋಡಿದರೇ ಗೊತ್ತಾಗುತ್ತದೆ. ಆದರೆ ಸಾಧಾರಣ ಮರಿಗಳನ್ನು ಇಷ್ಟು ಚೆನ್ನಾಗಿ ಬೆಳೆಸಿದವರನ್ನು ನಾನು ನೋಡಿಲ್ಲ. ಸಾಕಿದವರ ಕೈಗುಣ ದೊಡ್ಡದು."

"ಎಂತ ಹೇಳಿದ್ರು?" ಅತ್ತಿಗೆ ಕೇಳಿದರು.

"ಅವರ ಊರಿನದೇ ಅಂತೆ. ಒಳ್ಳೆ ಜಾತಿಯಂತೆ."

ಅತ್ತಿಗೆ ಕೈಮುಗಿದರು, ಆತ ತಲೆಬಾಗಿದರು. ಇಬ್ಬರ ನಡುವೆ ನಾನು — ನಗುತ್ತ ನಿಂತಿದ್ದೆ.

ಇದಾಗಿ ಆರು ವರ್ಷ. ಮೊನ್ನೆ ಒಬ್ಬಾಕೆ ಮೀನು ಸಾಕುವ ಬಗೆ ಕೇಳಿದಳು. ಅತ್ತಿಗೆ, "ನಾನು ಎಂತದೂ ಮಾಡ್ಲಿಲ್ಲಮ್ಮ, ಜಾತಿ ಒಳ್ಳೇದು" ಎಂದರು. ಮತ್ತೆ ತಡೆಯಲಾಗಲಿಲ್ಲ. ಆಕೆ ಹೋದ ಮೇಲೆ ಎಲ್ಲ ಹೇಳಿಬಿಟ್ಟೆ.

ಪಲ್ಲಾವರಂ ಎಂದದ್ದಕ್ಕೆ ಅತ್ತಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಮೆಲ್ಲಗೆ, "ಕೈ ಬಗ್ಗೆ ಎಂತ ಹೇಳಿದ್ರು? ಇನ್ನೊಮ್ಮೆ ಹೇಳು ನೋಡುವ" ಎಂದರು. ಹೇಳಿದೆ. ಮತ್ತೂ ಒಮ್ಮೆ ಹೇಳಿಸಿದರು.

"ಹಿಮ ಬೀಳುವಾಗ ಮೀನನ್ನು ಎಲ್ಲಿ ಇಡ್ತಾರಂತೆ? ನಾನಾದ್ರೆ ಕೇಳ್ತಿದ್ದೆ."

ಆತ ಎಂದೋ ತಮ್ಮ ದೇಶಕ್ಕೆ ಹೋಗಿಯಾಗಿದೆ. ನಾನು ಕೇಳಿರಲಿಲ್ಲ — ಅತ್ತಿಗೆಗೂ ಕೇಳಗೊಡಲಿಲ್ಲ.