ವಾಗೀಶನ ಬಟನ್‌ಗಳ ನಾಮಕರಣ

ನನ್ನ ಮೈದುನ ವಾಗೀಶನಿಗೆ ಎರಡು ವಿದ್ಯೆ ಬರುವುದಿಲ್ಲ. ಅಪ್ಪನಿಗೆ ಎದುರಾಡುವುದು, ಹಿಡಿದ ಕೆಲಸ ಮುಗಿಸುವುದು. ಉಳಿದದ್ದೆಲ್ಲ ಬರುತ್ತದೆ. ಆದೋನಿಯ ನಮ್ಮ ಹತ್ತಿ ಕಮಿಷನ್ ಅಂಗಡಿಯಲ್ಲಿ ಮಾವನವರ ಗಾದಿಯ ಪಕ್ಕ ಕಂಪ್ಯೂಟರ್ ಇಟ್ಟುಕೊಂಡು ಕೂತು, ಕೇಳಿದವರಿಗೆಲ್ಲ "ಸಾಫ್ಟ್‌ವೇರ್" ಎನ್ನುತ್ತಾನೆ. ಅವನು ಮಾಡುತ್ತಿದ್ದುದು ಒಂದೇ ಸಾಫ್ಟ್‌ವೇರು. ರೈತನ ಹೆಸರು, ಊರು, ಹತ್ತಿಯ ತೂಕ ತುಂಬಿ ಬಟನ್ ಒತ್ತಿದರೆ ಚೀಟಿ ಬರಬೇಕು, ಅಷ್ಟೆ. ನನ್ನ ಮಗಳು ಹೊಟ್ಟೆಯಲ್ಲಿದ್ದಾಗ ಶುರು ಮಾಡಿದ. ಅವಳು ತೆವಳಿಕೊಂಡು ಹೋಗಿ ಅವನ ವೈರು ಬಾಯಿಗಿಟ್ಟುಕೊಳ್ಳುವ ಹೊತ್ತಿಗೂ "ಒಂದೇ ಲೈನ್ ಬಾಕಿ ಐತಿ ಅತ್ತಿಗಿ" ಎನ್ನುತ್ತಿದ್ದ.

ಹೆಸರು, ತೂಕ ತುಂಬುವ ಚೌಕಗಳನ್ನು, ಬಟನ್‌ಗಳನ್ನು ಪರದೆಯ ಮೇಲೆ ಎಳೆದು ಕೂರಿಸಿ ಬಣ್ಣ ಹಚ್ಚುವುದು ಒಂದು ಕಡೆ. ಒತ್ತಿದರೆ ಏನಾಗಬೇಕೆಂದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಕೋಡು ಬರೆಯುವುದು ಇನ್ನೊಂದು ಕಡೆ. ಪ್ರತಿ ಬಟನ್‌ಗೂ ಕಣ್ಣಿಗೆ ಕಾಣುವ ಹೆಸರಲ್ಲದೆ ಒಂದು ಒಳಹೆಸರಿರುತ್ತದೆ. ಕೋಡು ಬಟನ್ನನ್ನು ಗುರುತಿಸುವುದು ಆ ಒಳಹೆಸರಿನಿಂದ. ಇದನ್ನು ನನಗೆ ವಿವರಿಸಿದವನು ವಾಗೀಶನೇ. ಮರೆತವನೂ ಅವನೇ.

ಅವನನ್ನು ನೋಡಲು ಬಂದ ಸಂಬಂಧಗಳೆಲ್ಲ "ಹುಡುಗ ಖರೇ ಏನು ಮಾಡ್ತಾನ?" ಎಂಬಲ್ಲಿ ಮುರಿದುಬಿದ್ದಿದ್ದವು. ಈಗ ಪತ್ತಿಕೊಂಡದ ವ್ಯಾಪಾರಿ ಚಂದ್ರಣ್ಣ ಅಂಗಡಿ ನೋಡಲು ಬರುವವರಿದ್ದರು. ಮಗಳು ಮಹಾಲಕ್ಷ್ಮಿ ಬಿಎಸ್ಸಿ ಕಂಪ್ಯೂಟರ್ಸ್ ಓದಿದವಳು. ಇದೂ ತಪ್ಪಿದರೆ ಮದುವೆಯಾದಂತೆಯೇ ಎಂದು ವಾಗೀಶ ಹೆದರಿ, ಕೊನೆಗೂ ಎಲ್ಲ ಬಟನ್ ಕೆಲಸ ಮಾಡುವಂತೆ ಮಾಡಿದ. ಹಿಂದಿನ ದಿನ ಒತ್ತಿ ತೋರಿಸಿದ. ಮಾವ ಸೋಮಶೇಖರಪ್ಪನವರು ಕನ್ನಡಕ ಏರಿಸಿದರು.

"ಇದೇನೋ 'ಮುಚ್ಚು'? ಅಂಗಡ್ಯಾಗ ಕುಂತು ಮುಚ್ಚು ಅಂತ ಬರದೀಯೇನು?"

"ವಿಂಡೋ ಮುಚ್ಚಾಕ ಅಪ್ಪಾಜಿ."

"ನಮ್ಮಪ್ಪನ ಕಾಲದಿಂದ ಅಂಗಡಿ ಬಾಗ್ಲಾ ಮುಂದ ಮಾಡೀವಿ, ಮುಚ್ಚಿಲ್ಲ. 'ಅಳಿಸು' ಅಂತ ಬ್ಯಾರೆ ಐತಿ! ಯಾರನ್ನ ಅಳಸ್ತಿ? ಆ ಮೂಲ್ಯಾಗ ಕೆಂಪನ ಕಾಟು ಯಾತಕ್ಕ? ತಗಿ."

'ಮುಚ್ಚು' ಹೋಗಿ 'ಮುಂದ ಮಾಡು' ಆಯಿತು. 'ಅಳಿಸು' ಹೋಗಿ 'ತಿದ್ದು' ಆಯಿತು. ವಿಂಡೋ ಮುಚ್ಚುವ ಮೂಲೆಯ ಕಾಟು ಗುರುತೂ ಹೋಯಿತು, ವಿಂಡೋ ಪರದೆ ತುಂಬ ಹರಡಿತು. ಮಾವ ಇನ್ನೂ ಬಗ್ಗಿದರು.

"ಪಕ್ಕದಾಗ ಇಂಗ್ಲೀಷಿನ್ಯಾಗ ಕ್ಲೋಸು, ಡಿಲೀಟು ಇನ್ನಾ ಐತಲ್ಲ?"

"ಅದು ಒಳಹೆಸರು ಅಪ್ಪಾಜಿ, ಯಾರಿಗೂ ಕಾಣಂಗಿಲ್ಲ."

"ದೇವ್ರಿಗೆ ಕಾಣತೈತಿ. ತಗಿ."

ತೆಗೆದು ಅಲ್ಲೂ ಹೊಸ ಹೆಸರು ಹಾಕಿದ. "ಕೋಡಿನಲ್ಲೂ ಬದಲಿಸಬೇಕಲ್ಲವಾ?" ಎಂದು ನಾನು ಕೇಳಿದೆ. ನನಗೆ ಎಲ್ಲದರ ಚಿಂತೆ.

"ಒಂದೇ ಲೈನ್ ಅತ್ತಿಗಿ, ಮುಂಜಾನೆ ಮಾಡ್ತೀನಿ." ಮುಂಜಾನೆಯೆಲ್ಲ 'ಮುಂದ ಮಾಡು' ಬಟನ್‌ಗೆ ಅರಿಶಿನದ ಬಣ್ಣವೋ ಪಾಚಿಯ ಬಣ್ಣವೋ ಎಂದು ಕೂತ.

ಬೀಗರಾಗುವವರು ಬಂದರು. ಕಂಪ್ಯೂಟರ್‌ಗೆ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ, ವಾಗೀಶ ಮೊದಲ ಚೀಟಿ ಬರೆದ: ರೈತ ಚಂದ್ರಣ್ಣ, ಪತ್ತಿಕೊಂಡ, ಒಂದು ಕ್ವಿಂಟಲ್. ಚೀಟಿ ಬಂತು.

"ಬಾಗುಂದಿ, ಬಾಗುಂದಿ," ಎಂದು ಚಂದ್ರಣ್ಣ ತೆಲುಗಿನಲ್ಲೇ ಮೆಚ್ಚಿದರು. "ಆದ್ರ ನಾನು ಹತ್ತಿ ಕೊಳ್ಳೋನು, ಮಾರೋನಲ್ಲ. ನನ್ನ ಹೆಸರು ತಗೀರಿ."

'ತಿದ್ದು' ಒತ್ತಿದ. ಏನೂ ಆಗಲಿಲ್ಲ. 'ಮುಂದ ಮಾಡು' ಒತ್ತಿದ, ಅದೂ ಕಲ್ಲು. ಪರದೆ ತುಂಬ ಬೀಗರು ಹತ್ತಿ ಮಾರುತ್ತಲೇ ನಿಂತರು.

"ಸರ್ವರ್ ಡೌನ್ ಐತಿ," ಎಂದ ವಾಗೀಶ. ಅವನ ಸರ್ವರು ಮೇಜಿನ ಕೆಳಗಿದ್ದ ಅದೇ ಕಂಪ್ಯೂಟರಿನ ಡಬ್ಬಿ, ನನ್ನ ಮಗಳು ಅದಕ್ಕೆ ಒರಗಿ ಕೂತಿದ್ದಳು. ನಾನು ಪ್ಲಗ್ಗಿಗೆ ಕೈ ಹಾಕಿದರೆ ಮಾವ ಗದರಿದರು, "ಪೂಜಿ ಮಾಡಿದ ಮಶೀನು, ಬೀಗರ ಮುಂದ ಆರಸ್ತೀಯಾ?"

ಚಂದ್ರಣ್ಣ ಫೋನಿನಲ್ಲಿ ಮಗಳಿಗೆ ವಿಡಿಯೋ ಕಾಲ್ ಹಚ್ಚಿದರು. ಮಹಾಲಕ್ಷ್ಮಿ ಪರದೆ ನೋಡಿದಳು.

"ನಿನ್ನೆ ಕೆಲಸ ಮಾಡತಿದ್ದುವೇನ್ರಿ?"

"ಹೂಂ ರಿ," ಎಂದ ವಾಗೀಶ.

"ಹೆಸರೇನಾರ ಬದಲು ಮಾಡೀರೇನು?"

ವಾಗೀಶ ಅಪ್ಪನ ಮುಖ ನೋಡಿದ. ಮಾವ ಹೆಮ್ಮೆಯಿಂದ ಮುಂದೆ ಬಾಗಿದರು. "ನಾನೇ ಮಾಡಿಸೀನವ್ವ. ಹೆಸರು ಚಲೋ ಇರಬೇಕು. ನಿನಗೂ ಒಂದು ನೋಡಿಟ್ಟೀನಿ. ನಮ್ಮವ್ವನ ಹೆಸರೂ ಮಹಾಲಕ್ಷ್ಮಿ. ಆ ಹೆಸರು ಹಿಡದು ಸೊಸೀನ ಹೆಂಗ ಬೈಯೋದು? ಉಮಾ ಅಂತ ಕರೀತೀವಿ."

ಚಂದ್ರಣ್ಣ ಫ್ಯಾನು ನೋಡತೊಡಗಿದರು.

"ಅಪ್ಪಾರೆ," ಎಂದಳು ಹುಡುಗಿ, ನಗುತ್ತಲೇ. "ಉಮಾ ಅಂದ್ರ ನಾನೂ ಆ ಬಟನ್ ಆಗತೀನಿ. ಎಷ್ಟು ಒತ್ತಿದ್ರೂ ಅಲ್ಲಾಡಂಗಿಲ್ಲ. ವಾಗೀಶ್ ಅವರ, ನೀವೇನಂತೀರಿ? ಹೇಳ್ರಿ. ಆಮ್ಯಾಲ ನಮ್ಮಪ್ಪ ಹೂಂ ಅನ್ನಲೋ ಉಹೂಂ ಅನ್ನಲೋ ನೋಡೋಣಂತ."

ವಾಗೀಶ ಅರಿಶಿನ ಬಣ್ಣದ ಬಟನ್ನನ್ನು ಸುಮ್ಮನೆ ಇನ್ನೊಮ್ಮೆ ಒತ್ತಿದ. ಮತ್ತೆ ಹುಟ್ಟಿದಾರಭ್ಯ ಆಡದ ಮಾತು ಆಡಿದ.

"ಅಪ್ಪಾಜಿ, ಹಳೇ ಹೆಸರು ವಾಪಸ್ ಹಾಕ್ತೀನಿ."

"ಬಟನ್ನಿಂದಾ?"

"ಬಟನ್ನಿಂದು. ಮತ್ತ ಆಕಿಂದೂ ಬದಲು ಮಾಡೂದು ಬ್ಯಾಡ."

ಮಾವ ಟವೆಲ್ಲಿನ ಹೆಗಲು ಬದಲಿಸಿದರು. "ಹೊರಗ ಮಾತ್ರ ನಾ ಹೇಳಿದ್ದು ಇರಲಿ," ಎಂದರು, ಬಟನ್ನಿನ ಮಾತೋ ಸೊಸೆಯ ಮಾತೋ ಬಿಡಿಸಿ ಹೇಳದೆ. ಚಂದ್ರಣ್ಣ ಫ್ಯಾನಿನಿಂದ ಕಣ್ಣಿಳಿಸಿ ಹೂಂ ಎಂದರು.

ಮದುವೆ ಆಯಿತು. ಮಾವ ಅವಳನ್ನು "ಪತ್ತಿಕೊಂಡದಾಕಿ" ಎಂದು ಕರೆಯುತ್ತಾರೆ. ಅವ್ವನ ಮರ್ಯಾದೆಯೂ ಉಳಿಯಿತು, ಬೈಯಲೂ ಬರುತ್ತದೆ. ವಾಗೀಶ ಮಾತ್ರ ಆ ತಪ್ಪನ್ನು ತಾನೇ ಕಂಡುಹಿಡಿದೆನೆಂದು ಮಾರ್ಕೆಟ್ ಯಾರ್ಡಿನಲ್ಲೆಲ್ಲ ಹೇಳಿಕೊಂಡು ಬಂದ.

ನನ್ನ ಹೆಸರು ಅಮೂಲ್ಯ. ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ 'ಗಿರಿಜಾ' ಎಂದು ಬರೆಸಿದರು, ಕರೆಯಲು ಹಗುರವಂತೆ. ಮೊನ್ನೆ ಮಗಳಿಗೆ ಜ್ವರ ಬಂದಾಗ ಆಸ್ಪತ್ರೆಯಲ್ಲಿ ಮನೆಯವರು ಆ ಹೆಸರಿನಲ್ಲೇ ಟೋಕನ್ ಬರೆಸಿದ್ದರು. ನರ್ಸಮ್ಮ ಗಿರಿಜಾ, ಗಿರಿಜಾ ಎಂದು ಕೂಗುತ್ತಲೇ ಇದ್ದಳು. ಅಮೂಲ್ಯಳನ್ನು ಯಾವಾಗ ಕರೆಯುತ್ತಾರೋ ಎಂದು ನಾನು ಬಿಸಿ ಮೈಯ ಕೂಸನ್ನು ಅವುಚಿಕೊಂಡು ಅಲ್ಲಾಡದೆ ಕೂತಿದ್ದೆ.

ಮನೆಗೆ ಬಂದು ವಾಗೀಶನಿಗೆ ಹೇಳಿದೆ. ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ನಿಮ್ಮದೂ ಅಪ್ಪಾಜಿಗೆ ಹೇಳ್ತೀನಿ ಅತ್ತಿಗಿ. ಇಲ್ಲಿ ಒಂದೇ ಲೈನ್ ಬಾಕಿ ಐತಿ."